ಮೂರನೆಯ ಕೊಂಡಿ

ಇಂಗ್ಲಿಷ್ ಬಲ್ಲವನು ಎಲ್ಲವನ್ನೂ ಬಲ್ಲನೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಸತ್ತಿಲ್ಲ. ನಾನು ಇಜೇರಿಗೆ ಹೋದಾಗಲೆಲ್ಲ ಬ್ಯಾಂಕಿನ ನೋಟೀಸು, ವಿಮೆಯ ಕಾಗದ, ಔಷಧದ ಡಬ್ಬಿಯ ಮೇಲಿನ ಚೀಟಿ, ಒಂದಲ್ಲ ಒಂದು ನನ್ನ ಮುಂದೆ ಬಂದು ಕೂಡುತ್ತದೆ. ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ತಿಳಿದದ್ದನ್ನು ಗಟ್ಟಿಯಾಗಿಯೂ ತಿಳಿಯದ್ದನ್ನು ಮೆಲ್ಲಗೂ ಹೇಳುವ ವಿದ್ಯೆ ಮೂವತ್ತು ವರ್ಷ ಕಚೇರಿಯ ಕಡತಗಳ ನಡುವೆ ಕಳೆದವನಿಗೆ ತಾನಾಗಿಯೇ ಬರುತ್ತದೆ. ಆದರೆ ಈ ವಿದ್ಯೆ ಒಂದು ದಿನ ನನ್ನನ್ನು ಟ್ರ್ಯಾಕ್ಟರಿನ ಹಿಂದೆ ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕೂಡಿಸುತ್ತದೆಂದು ನಾನು ಎಣಿಸಿರಲಿಲ್ಲ.

ಅಣ್ಣನ ಮಗ ಫೋನು ಮಾಡಿದ್ದ. “ಕಾಕಾ, ಸಣ್ಣ ಟ್ರ್ಯಾಕ್ಟರ್ ತಂದೀನಿ. ಹಿಂದಿನ ಲಿಂಕ್ ಜೋಡಸ್ಬೇಕು. ಪುಸ್ತಕ ಇಂಗ್ಲಿಷಿನಾಗ ಅದ. ನೀವು ಬಂದು ಓದಿ ಹೇಳ್ರಿ, ಉಳಿದದ್ದು ನಾ ಮಾಡ್ತೀನಿ.” ಸ್ವಲ್ಪ ತಡೆದು, “ಅಪ್ಪ ಮಾತಾಡವಲ್ಲ” ಎಂದ.

ನನ್ನನ್ನು ಬಸ್ಸು ಹತ್ತಿಸಿದ್ದು ಆ ಕೊನೆಯ ಮಾತು. ಕಟ್ಟಿಸಂಗಾವಿಯ ಬಳಿ ಭೀಮಾ ಸೇತುವೆಯನ್ನು ದಾಟುವಾಗ ನೀರಿನ ಕಡೆ ನೋಡುವುದು ನನ್ನ ಹಳೆಯ ರೂಢಿ. ಈ ಸಲ ನನ್ನ ಮನಸ್ಸೆಲ್ಲ ಅಣ್ಣನ ಕೊಟ್ಟಿಗೆಯಲ್ಲಿತ್ತು. ಅಲ್ಲಿ ಒಂದು ದೇವಣಿ ಜೋಡಿ ಇತ್ತು. ಕಳೆದ ಚಳಿಗಾಲದಲ್ಲಿ ಬಲಗಡೆಯ ಎತ್ತು ಸತ್ತಿತು. ಉಳಿದದ್ದು ಒಂಟಿ ಎತ್ತು. ಜೋಡಿಯಿಲ್ಲದ ಎತ್ತು ಒಕ್ಕಲಿಗನಿಗೆ ಒಂದು ಕಾಲಿನ ಜೋಡಿನಂತೆ: ಬಿಸಾಡಲೂ ಆಗದು, ಮೆಟ್ಟಿಕೊಳ್ಳಲೂ ಆಗದು. ಹೊಸ ಜೋಡಿ ಕಟ್ಟಲು ರೊಕ್ಕ ಬೇಕು, ಸಾಕಲು ಆಳು ಬೇಕು. ಬಾಡಿಗೆಯ ದೊಡ್ಡ ಟ್ರ್ಯಾಕ್ಟರು ಎಲ್ಲರ ಹೊಲ ಮುಗಿಸಿ ನಮ್ಮ ಹೊಲಕ್ಕೆ ಬರುವಷ್ಟರಲ್ಲಿ ಹದ ಹೋಗಿರುತ್ತದೆ. ಎರೆ ಭೂಮಿಯ ಹದವೆಂದರೆ ಪೇಟೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಬಿಸಿಲಿಗೆ ಅದು ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಕಾಲನ್ನೇ ಬಿಡದಷ್ಟು ಅಂಟುತ್ತದೆ. ಇವೆರಡರ ನಡುವೆ ಕೆಲವೇ ದಿನ ಅದು ಮನುಷ್ಯನ ಮಾತು ಕೇಳುತ್ತದೆ. ರೋಹಿಣಿ ಮಳೆ ಬಿದ್ದಾಗಿತ್ತು. ಮಿರಗ ಕೂಡುವುದರೊಳಗೆ ಹೊಲ ಹರಗಿ ತೊಗರಿಗೆ ಸಿದ್ಧವಾಗಬೇಕಿತ್ತು. 2019ರಲ್ಲಿ ಕಲಬುರಗಿಯ ತೊಗರಿಗೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತೆಂದು ನಾವು ಪೇಟೆಯಲ್ಲಿ ಹೆಮ್ಮೆಪಡುತ್ತೇವೆ. ಹೊಲದಲ್ಲಿ ಮಾತ್ರ ಆ ಮನ್ನಣೆಗಾಗಿ ಮಳೆ ಎರಡು ದಿನ ಕಾಯುವುದಿಲ್ಲ.

ಮಗನ ಲೆಕ್ಕ ಸರಿಯಾಗಿಯೇ ಇತ್ತು. ಸಣ್ಣ ಟ್ರ್ಯಾಕ್ಟರಾದರೆ ಹರಗುವುದಕ್ಕೂ ಆಯಿತು, ಬೆಳೆ ಎದ್ದ ಮೇಲೆ ತೊಗರಿಯ ಸಾಲಿನ ನಡುವೆ ಎಡೆ ಹೊಡೆಯುವುದಕ್ಕೂ ಆಯಿತು. ಹಳೆಯದೊಂದನ್ನು ಅಗ್ಗದ ಬೆಲೆಗೆ ತಂದಿದ್ದ. ಅದು ಏಕೆ ಅಗ್ಗವೆಂಬುದು ಮನೆಗೆ ತಂದ ಮೇಲೆ ತಿಳಿಯಿತು: ಹಿಂದೆ ಸಲಕರಣೆ ತೂಗುಹಾಕುವ ತೋಳುಗಳೇ ಅದಕ್ಕೆ ಇರಲಿಲ್ಲ. ಮಾರಿದವರು ಅದನ್ನು ನೀರಿನ ಟ್ಯಾಂಕು ಎಳೆಯಲು ಇಟ್ಟುಕೊಂಡಿದ್ದರಂತೆ. ತೋಳುಗಳನ್ನು ಬೇರೆಯಾಗಿ ಕೊಂಡು, ಒಂದು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಂದಿದ್ದ.

ನಾನು ಹೋದಾಗ ಅಣ್ಣ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. “ಬಂದ್ಯಾ ತಮ್ಮಾ? ಛಾ ಕುಡಿ” ಎಂದ. ಟ್ರ್ಯಾಕ್ಟರಿನ ಮಾತೆತ್ತಲಿಲ್ಲ. ಅದು ಅವನ ಎದುರಿಗೇ, ಬೇವಿನ ಗಿಡದ ಕೆಳಗೆ, ಹೊಸ ಅಳಿಯನಂತೆ ನಿಂತಿತ್ತು.

ಚೀಲ ಬಿಚ್ಚಿದೆವು. ಎರಡು ಉದ್ದನೆಯ ತೋಳುಗಳು, ಅವನ್ನು ಮೇಲಕ್ಕೆತ್ತುವ ಎರಡು ಸರಳುಗಳು, ಅತ್ತಿತ್ತ ಓಲಾಡದಂತೆ ತಡೆಯುವ ಎರಡು ಸರಪಳಿಗಳು, ಎರಡು ತುದಿಗೂ ತಿರುಪಿರುವ ಒಂದು ಮೋಟು ಕೋಲು, ಒಂದು ಹಿಡಿ ಪಿನ್ನುಗಳು. ಇಷ್ಟೇ. ಇದಕ್ಕೆ ಇಂಗ್ಲಿಷಿನಲ್ಲಿ ‘ತ್ರೀ ಪಾಯಿಂಟ್ ಲಿಂಕೇಜ್’ ಎಂದು ಹೆಸರು. ಕೆಳಗಿನ ತೋಳುಗಳು ಎರಡು ಬಿಂದು, ಮೇಲಿನ ಮೋಟು ಕೋಲು ಮೂರನೆಯದು.

ನಾನು ಪುಸ್ತಕ ಹಿಡಿದು ಪುರಾಣ ಹೇಳುವವನಂತೆ ಕೂತೆ. “ಸಮನಾದ ನೆಲದ ಮೇಲೆ ನಿಲ್ಲಿಸು. ಗಾಲಿಗೆ ಕಲ್ಲು ಕೊಡು. ಎಂಜಿನ್ ಬಂದು ಮಾಡು.” ಅವನು ಅದನ್ನೆಲ್ಲ ಆಗಲೇ ಮಾಡಿದ್ದ. ಹಿಂದಿನ ಅಚ್ಚಿನ ಕೆಳಗೆ ಎಡಬಲಕ್ಕೆ ಚಾಚಿದ ಗೂಟಗಳಿಗೆ ತೋಳುಗಳನ್ನು ಸಿಕ್ಕಿಸಿದ. ಮೇಲೆ ಹೈಡ್ರಾಲಿಕ್ಕಿನ ಎರಡು ಭುಜಗಳಿಂದ ಸರಳುಗಳನ್ನು ಇಳಿಬಿಟ್ಟು ತೋಳಿನ ನಡುವಿಗೆ ಕಟ್ಟಿದ. ಬಲಗಡೆಯ ಸರಳಿಗೆ ಒಂದು ಹಿಡಿಕೆ. ಅದನ್ನು ತಿರುವಿದರೆ ಆ ಪಕ್ಕ ಏರುತ್ತದೆ, ಇಳಿಯುತ್ತದೆ. “ತೋಳು ಎತ್ತುವಾಗ ಕೈ ನಡುವೆ ಇಡಬಾರದು” ಎಂಬ ಸಾಲನ್ನು ನಾನು ಗಟ್ಟಿಯಾಗಿ ಓದುತ್ತಿದ್ದ ಹೊತ್ತಿನಲ್ಲಿಯೇ ತೋಳೊಂದು ಜಾರಿ ನನ್ನ ಹೆಬ್ಬೆರಳಿನ ಮೇಲೆ ಬಿತ್ತು. ಉಗುರು ಕಪ್ಪಾಯಿತು. ನನ್ನ ಒಕ್ಕಲುತನಕ್ಕೆ ಇಂದಿಗೂ ಇರುವ ಸರ್ಟಿಫಿಕೇಟು ಅದೊಂದೇ.

ಕೊನೆಗೆ ಉಂಗುರವಿದ್ದ ಸಣ್ಣ ಪಿನ್ನುಗಳು ಉಳಿದವು. “ಲಿಂಚ್ ಪಿನ್ ಅಂದರೆ...” ಎಂದು ನಾನು ತಡವರಿಸಿದೆ. ಕಟ್ಟೆಯ ಕಡೆಯಿಂದ ದನಿ ಬಂತು: “ಕಡಾಣಿ.” ನೋಡಿದರೆ ಅಣ್ಣ ಹಗ್ಗದ ಮೇಲೆಯೇ ಕಣ್ಣಿಟ್ಟಿದ್ದ. ಬಂಡಿಯ ಗಾಲಿ ಅಚ್ಚಿನಿಂದ ಕಳಚದಂತೆ ಹಾಕುವ ಆಣಿ! ನಿಘಂಟಿನಲ್ಲಿ ಹುಡುಕಿದರೆ ಸಿಗುತ್ತಿತ್ತೋ ಏನೋ. ಅವನು ಆ ವಸ್ತುವನ್ನು ದೂರದಿಂದ ನೋಡಿಯೇ ಹೇಳಿದ್ದ.

ಮರುದಿನ ಬಂತು ನಿಜವಾದ ತೊಡಕು. ಯಾರಿಂದಲೋ ಕೊಂಡ ಹಳೆಯ ಕಲ್ಟಿವೇಟರು, ಒಂಬತ್ತು ಹಲ್ಲಿನದು, ಮನೆಯ ಹಿಂದೆ ಬಿದ್ದಿತ್ತು. ಟ್ರ್ಯಾಕ್ಟರನ್ನು ಹಿಮ್ಮುಖ ತಂದು ಎಷ್ಟು ಹೆಣಗಿದರೂ ಅದು ಸೇರಲೊಲ್ಲದು. ಪುಸ್ತಕ ತಿರುವಿದೆ. ಈ ಕೊಂಡಿಗಳಲ್ಲಿಯೂ ಜಾತಿಗಳಿವೆಯೆಂದು ಆಗ ತಿಳಿಯಿತು. ಒಂದನೆಯ ವರ್ಗದಲ್ಲಿ ಕೆಳಗಿನ ಗೂಟ 22 ಮಿಲಿಮೀಟರು ದಪ್ಪ, ಮೇಲಿನದು 19. ಎರಡು ಕೆಳ ಬಿಂದುಗಳ ನಡುವೆ 26 ಅಂಗುಲ. ಎರಡನೆಯ ವರ್ಗದಲ್ಲಿ ಗೂಟಗಳು 28 ಮತ್ತು 25 ಮಿಲಿಮೀಟರು, ನಡುವಿನ ಅಂತರ 32 ಅಂಗುಲ. ನಮ್ಮ ತೋಳು ಒಂದನೆಯ ವರ್ಗ, ಕಲ್ಟಿವೇಟರು ಎರಡನೆಯದು. 28ರ ಗೂಟ 22ರ ತೂತಿನಲ್ಲಿ ಹೋಗೆಂದರೆ ಹೇಗೆ ಹೋದೀತು?

“ಕರಕ್ಕ ದೊಡ್ಡೆತ್ತಿನ ನೊಗ ಹಾಕಿದಂಗ” ಎಂದು ಕಟ್ಟೆ ನುಡಿಯಿತು.

ಮಗನ ಮುಖ ಕೆಂಪಾಯಿತು. “ಹಂಗಿದ್ರ ಹೇಳಬೇಕಿತ್ತು ತರೂಕಿನ ಮೊದಲು” ಎಂದ. “ಕೇಳಿದ್ಯಾ?” ಎಂದಿತು ಕಟ್ಟೆ. ಆ ಮನೆಯಲ್ಲಿ ತಿಂಗಳಿನಿಂದ ಕಟ್ಟಿಕೊಂಡಿದ್ದದ್ದೆಲ್ಲ ಆ ಒಂದು ಮಾತಿನಲ್ಲಿತ್ತು. ಒಳಗೆ ಅತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಾನು ಪುಸ್ತಕದ ಪುಟಗಳಲ್ಲಿ ಇಲ್ಲದ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕತೊಡಗಿದೆ.

ಅದನ್ನು ಬಂಡಿಯ ಮೇಲೆ ಹಾಕಿಕೊಂಡು ಜೇವರ್ಗಿಗೆ ಹೋದೆವು. ವರ್ಕ್‌ಷಾಪಿನವರು ಗೂಟಗಳನ್ನು ಕತ್ತರಿಸಿ 22ರ ಹೊಸ ಗೂಟಗಳನ್ನು ಬೆಸೆದರು. ಅಂತರವನ್ನು 26 ಅಂಗುಲಕ್ಕೆ ತಂದರು. ಒಂಬತ್ತು ಹಲ್ಲಿನಲ್ಲಿ ನಾಲ್ಕನ್ನು ಬಿಚ್ಚಿಸಿ ಐದನ್ನು ಉಳಿಸಿಕೊಂಡೆವು. ಕಿರಿಯ ಎಂಜಿನ್ನಿಗೆ ಅಷ್ಟು ಸಾಕು.

ಬೆಸುಗೆಯ ಕಿಡಿಗಳಿಗೆ ಬೆನ್ನು ತಿರುಗಿಸಿ ಕೂತಿದ್ದಾಗ ಅಣ್ಣನ ಮಗನಿಗೆ ನಾನು ಫರ್ಗುಸನ್ನನ ಕಥೆ ಹೇಳಿದೆ. ಹ್ಯಾರಿ ಫರ್ಗುಸನ್ ಐರ್ಲೆಂಡಿನ ಒಬ್ಬ ರೈತನ ಮಗ. ತಾನೇ ವಿಮಾನ ಕಟ್ಟಿ, 1909ರ ಕೊನೆಯ ದಿನ ಅದರಲ್ಲಿ ಹಾರಿದ ಸಾಹಸಿ. ಆ ಕಾಲದ ಟ್ರ್ಯಾಕ್ಟರುಗಳು ನೇಗಿಲನ್ನು ಬಂಡಿಯಂತೆ ಹಿಂದಿನಿಂದ ಎಳೆಯುತ್ತಿದ್ದವು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಗಾಲಿ ನಿಲ್ಲುತ್ತಿತ್ತು, ಎಂಜಿನ್ ನಿಲ್ಲುತ್ತಿರಲಿಲ್ಲ. ಟ್ರ್ಯಾಕ್ಟರಿನ ಮುಂಭಾಗವೇ ಎದ್ದು ಓಡಿಸುವವನ ಮೇಲೆ ಮಗುಚುತ್ತಿತ್ತು. ಹಾಗೆ ಸತ್ತವರುಂಟು. ಫರ್ಗುಸನ್ ನೇಗಿಲನ್ನೂ ಟ್ರ್ಯಾಕ್ಟರನ್ನೂ ಮೂರು ಕಡೆ ಹಿಡಿದು ಒಂದೇ ದೇಹ ಮಾಡಿದ. 1926ರಲ್ಲಿ ಅವನಿಗೆ ಪೇಟೆಂಟು ದೊರಕಿತು. ಕೆಳಗಿನ ಎರಡು ತೋಳು ಎಳೆಯುತ್ತವೆ, ಮೇಲಿನ ಕೊಂಡಿ ಮುಂದಕ್ಕೆ ಒತ್ತುತ್ತದೆ. ಆ ಒತ್ತಡವೇ ಟ್ರ್ಯಾಕ್ಟರಿನ ಮೂಗನ್ನು ನೆಲಕ್ಕೆ ಹಿಡಿದಿಡುತ್ತದೆ. ಅಲ್ಲದೆ ನೇಗಿಲಿನ ಭಾರ ಹಿಂದಿನ ಗಾಲಿಗಳ ಮೇಲೆ ಬೀಳುವುದರಿಂದ ಹಗುರ ಯಂತ್ರವೂ ಜಾರದೆ ನಡೆಯುತ್ತದೆ.

1938ರಲ್ಲಿ ಅವನೂ ಅಮೆರಿಕದ ಹೆನ್ರಿ ಫೋರ್ಡನೂ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು. ಕಾಗದವಿಲ್ಲ, ಸಹಿಯಿಲ್ಲ. ಮರುವರ್ಷ ಟ್ರ್ಯಾಕ್ಟರು ಹೊರಬಂತು. ಫೋರ್ಡನ ಮೊಮ್ಮಗನ ಕಾಲಕ್ಕೆ ಮಾತು ಮುರಿಯಿತು, ಮೊಕದ್ದಮೆ ನಡೆಯಿತು. 1952ರಲ್ಲಿ ತೊಂಬತ್ತೆರಡೂವರೆ ಲಕ್ಷ ಡಾಲರಿಗೆ ರಾಜಿಯಾಯಿತು. 1960ರಲ್ಲಿ ಮದ್ರಾಸಿನಲ್ಲಿ ‘ಟಾಫೆ’ ಕಂಪನಿ ಹುಟ್ಟಿ ಮ್ಯಾಸಿ ಫರ್ಗುಸನ್ ಎಂಬ ಹೆಸರು ನಮ್ಮ ಹೊಲಗಳಿಗೂ ಬಂತು. ಫರ್ಗುಸನ್ ತೀರಿಕೊಂಡದ್ದೂ ಅದೇ ವರ್ಷ. ಇಂದು ಯಾವ ಹೆಸರಿನ ಟ್ರ್ಯಾಕ್ಟರಾದರೂ ಆಗಲಿ, ಹಿಂಭಾಗದಲ್ಲಿ ಸಾಮಾನ್ಯವಾಗಿ ಕಾಣುವುದು ಅವನದೇ ಮೂರು ಬಿಂದು.

“ಬಾಯಿಮಾತಿನ ವ್ಯವಹಾರ ಮೊಮ್ಮಕ್ಕಳ ತನಕ ನಡಿಯಂಗಿಲ್ರಿ ಕಾಕಾ” ಎಂದ ಅಣ್ಣನ ಮಗ. ಸ್ವಲ್ಪ ಹೊತ್ತಿನ ಮೇಲೆ, “ಮಾತೇ ಇಲ್ಲದಿದ್ರ ಮಕ್ಕಳ ತನಕನೂ ನಡಿಯಂಗಿಲ್ಲ” ಎಂದು ತಾನೇ ಸೇರಿಸಿದ.

ಮೂರನೆಯ ದಿನ ಬೆಳಗ್ಗೆ ಹೊಲಕ್ಕೆ ಹೋದೆವು. ಜೋಡಿಸುವುದಕ್ಕೂ ಒಂದು ಕ್ರಮವುಂಟು. ಮೊದಲು ಎಡತೋಳು, ಆಮೇಲೆ ಹಿಡಿಕೆ ತಿರುವಿ ಸರಿಹೊಂದಿಸಿಕೊಂಡು ಬಲತೋಳು, ಕೊನೆಗೆ ಮೇಲಿನ ಕೊಂಡಿ. ಬಿಚ್ಚುವಾಗ ತಿರುಗುಮುರುಗು. ಎಲ್ಲವೂ ಪುಸ್ತಕದಂತೆಯೇ ಆಯಿತು. ಆದರೆ ಹೊಲ ಪುಸ್ತಕ ಓದಿರಲಿಲ್ಲ. ಐದು ಹಲ್ಲುಗಳೂ ಮಣ್ಣಿನ ಮೇಲ್ಮೈಯನ್ನು ಕೆರೆಯುತ್ತ ಹೋದವು, ಕೋಳಿ ತಿಪ್ಪೆ ಕೆದರಿದಂತೆ. ಇನ್ನೂ ಕೆಳಕ್ಕೆ ಬಿಟ್ಟರೂ ಅಷ್ಟೇ. ಎರಡು ಸಾಲು, ಮೂರು ಸಾಲು. ಅಣ್ಣನ ಮಗ ಇಳಿದು ಬಂದು ತಲೆಯ ಮೇಲೆ ಕೈಹೊತ್ತು ಬದುವಿನ ಮೇಲೆ ಕೂತ. ಮೋಡ ಪಶ್ಚಿಮಕ್ಕೆ ಕಟ್ಟುತ್ತಿತ್ತು.

ಆಗ ಅಣ್ಣ ಬಂದ. ಒಂಟಿ ಎತ್ತನ್ನು ಮೇಯಿಸಿಕೊಂಡು ಬಂದವನಂತೆ, ನಮ್ಮ ಕೆಲಸಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ. ಎತ್ತನ್ನು ಬನ್ನಿ ಗಿಡಕ್ಕೆ ಕಟ್ಟಿ, ನಮ್ಮ ಸಾಲಿನಲ್ಲಿ ಕೂತು ಒಂದು ಹೆಂಟೆಯೆತ್ತಿ ಒಡೆದು ನೋಡಿದ. ಆಮೇಲೆ ಕಲ್ಟಿವೇಟರಿನ ಪಕ್ಕಕ್ಕೆ ಬಂದು, ಕೆನ್ನೆಯನ್ನು ನೆಲದ ಮಟ್ಟಕ್ಕೆ ತಂದು ನೋಡಿದ.

“ಇದರ ಮೂಗು ಮ್ಯಾಲಾಗ್ಯಾದ. ಹಲ್ಲಿನ ತುದಿ ಮಣ್ಣು ನೋಡವಲ್ದು, ಮುಗಿಲು ನೋಡಲಕತ್ತದ. ರೆಂಟಿ ಹಿಂಗಾದ್ರ ಈಸಿನ ಕಟ್ಟು ಬಿಚ್ಚಿ ಮತ್ತ ಕಟ್ತಿದ್ವಿ. ಇದಕ್ಕ ಎಲ್ಲಿ ಕಟ್ಟು?”

ಅಣ್ಣನ ಮಗ ಎದ್ದು ಬಂದ. “ಇಲ್ಲಿ ಅಪ್ಪಾ” ಎಂದು ಮೇಲಿನ ಮೋಟು ಕೋಲನ್ನು ತೋರಿಸಿದ. “ಇದನ್ನ ತಿರುವಿದ್ರ ಗಿಡ್ಡ ಆಗ್ತದ.”

“ಗಿಡ್ಡ ಮಾಡು. ಇನ್ನೊಂದೀಟು. ಸಾಕು. ಬಲಗಡಿ ಒಂಚೂರು ಇಳಸು.”

ಮೇಲಿನ ಕೊಂಡಿ ಗಿಡ್ಡವಾದಂತೆ ಕಲ್ಟಿವೇಟರು ಮುಂದಕ್ಕೆ ಬಾಗಿತು. ಹಲ್ಲುಗಳ ತುದಿ ನೆಲ ಕಂಡಿತು. ಟ್ರ್ಯಾಕ್ಟರು ಹೊರಟಿತು. ಎಂಜಿನ್ನಿನ ದನಿ ಕೊಂಚ ಕೆಳಗಿಳಿಯಿತು, ಭಾರ ಹೊತ್ತ ಹಮಾಲ ಉಸಿರು ಬಿಗಿಹಿಡಿದಂತೆ. ಹಿಂದೆ ಕರಿಯ ಮಣ್ಣು ಸಡಿಲಾಗಿ, ತೇವದ ವಾಸನೆ ಬಿಡುತ್ತ ಮೇಲಕ್ಕೆದ್ದಿತು. ಅಣ್ಣ ಅದರ ಹಿಂದೆಯೇ ಬರಿಗಾಲಲ್ಲಿ ನಡೆದ. ಅವನ ಬಲಗೈ ಮುಂದೆ ಚಾಚಿ ಗಾಳಿಯಲ್ಲಿ ಏನನ್ನೋ ಹಿಡಿದು ಒತ್ತುತ್ತಿತ್ತು. ಅದು ಅವನಿಗೆ ಗೊತ್ತಿರಲಿಲ್ಲವೆಂದು ತೋರುತ್ತದೆ.

ನನಗೆ ಫರ್ಗುಸನ್ನನ ಯುಕ್ತಿ ನಿಜವಾಗಿ ತಿಳಿದದ್ದು ಆಗ. ನಮ್ಮ ರೆಂಟೆಗೂ ಮೂರು ಬಿಂದುಗಳೇ ಇದ್ದುವಲ್ಲ! ಎರಡು ಎತ್ತು ಎಳೆಯುತ್ತಿದ್ದವು. ಮೂರನೆಯದು ಮೇಳಿಯ ಮೇಲಿನ ಕೈ. ಅದು ಎಳೆಯುತ್ತಿರಲಿಲ್ಲ, ಒತ್ತುತ್ತಿತ್ತು. ಮಣ್ಣು ಗಟ್ಟಿ ಬಂದರೆ ಆ ಕೈಗೆ ಮೊದಲು ತಿಳಿಯುತ್ತಿತ್ತು, ಕೊಂಚ ಸಡಿಲ ಬಿಡುತ್ತಿತ್ತು. ಮೆತ್ತಗಾದರೆ ಮತ್ತೆ ಅದುಮುತ್ತಿತ್ತು. ಫರ್ಗುಸನ್ ಮಾಡಿದ್ದೂ ಇದನ್ನೇ. ಮೇಲಿನ ಕೊಂಡಿಯ ಮೇಲೆ ಬೀಳುವ ಒತ್ತಡವನ್ನು ಹೈಡ್ರಾಲಿಕ್ಕು ಅರಿತು, ತಾನಾಗಿ ನೇಗಿಲನ್ನು ಎತ್ತುವಂತೆ ಇಳಿಸುವಂತೆ ಏರ್ಪಡಿಸಿದ. ಸಣ್ಣ ಯಂತ್ರಗಳೆಲ್ಲಕ್ಕೂ ಆ ಸೌಕರ್ಯವಿಲ್ಲ, ಅಲ್ಲಿ ಈಗಲೂ ಓಡಿಸುವವನ ಕೈಯೇ ಗತಿ. ಯಂತ್ರ ಬಂದು ಎತ್ತುಗಳನ್ನು ಓಡಿಸಿತೆಂದು ನಾವು ಹೇಳುತ್ತೇವೆ. ಅದು ಆ ಕೈಯ ಕೆಲಸವನ್ನೂ ತೆಗೆದುಕೊಂಡಿತು. ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಅಣ್ಣ ಮುನಿದು ಕೂತದ್ದು ಎತ್ತಿಗಾಗಿ ಮಾತ್ರವೇ ಆಗಿರಲಿಕ್ಕಿಲ್ಲ.

ಆ ಹೊಲ ಸಂಜೆಯೊಳಗೆ ಮುಗಿಯಿತು. ರಾತ್ರಿ ಮಳೆ ಬಂತು. ಊಟಕ್ಕೆ ಕೂತಾಗ ತಂದೆ ಮಕ್ಕಳ ಮಾತು ಹೆಚ್ಚೇನೂ ಆಗಲಿಲ್ಲ. “ನಾಳಿ ಕೆಳಗಿನ ಹೊಲದಾಗ ಇಷ್ಟು ಆಳ ಬ್ಯಾಡ” ಎಂದು ತಂದೆ. “ಹೂಂ, ನೀನೂ ಬಾ” ಎಂದು ಮಗ. ಅಷ್ಟೇ. ಅತ್ತಿಗೆ ಇಬ್ಬರಿಗೂ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು.

ಕಾರಹುಣ್ಣಿಮೆಗೆ ನಾನು ಮತ್ತೆ ಹೋದೆ. ಒಂಟಿ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆಸರ ಹಾಕಿದ್ದರು. ಅದನ್ನು ಮಾರುವ ಮಾತು ಆ ಮನೆಯಲ್ಲಿ ಯಾರೂ ಎತ್ತಿಲ್ಲ. ಬೇವಿನ ಗಿಡದ ಕೆಳಗಿನ ಟ್ರ್ಯಾಕ್ಟರಿಗೂ ಒಂದು ಹೂವಿನ ಸರವಿತ್ತು. ಅದು ಮಗನ ಕೆಲಸ. ಹಿಂದಕ್ಕೆ ಹೋಗಿ ನೋಡಿದೆ. ಮೇಲಿನ ಕೊಂಡಿಯ ಪಿನ್ನಿನ ಮೇಲೆ, ಯಾರಿಗೂ ಕಾಣದ ಜಾಗದಲ್ಲಿ, ಅರಿಸಿನ ಕುಂಕುಮದ ಒಂದು ಬೊಟ್ಟು. ಇದು ಯಾರ ಕೆಲಸವೆಂದು ನಾನು ಕೇಳಲಿಲ್ಲ.