ಕೋಟೆ ಬೀಳದೆ ಇದ್ದಿದ್ದರೆ...

ಇಸ್ತಾಂಬುಲ್ ನಗರದ ಹಳೆಯ ಭಾಗದಿಂದ ಪಶ್ಚಿಮಕ್ಕೆ ಹೊರಡುವ ಟ್ರಾಮ್ ಬಂಡಿ ಕೋಟೆಗೋಡೆಯನ್ನು ದಾಟುವ ಜಾಗಕ್ಕೆ ತೋಪ್‌ಕಪಿ ಎಂದು ಹೆಸರು. ತುರ್ಕಿ ಭಾಷೆಯಲ್ಲಿ 'ತೋಪ್' ಎಂದರೆ ಫಿರಂಗಿ, 'ಕಪಿ' ಎಂದರೆ ಬಾಗಿಲು. ಕನ್ನಡದ ತೋಪು, ತೋಪಖಾನೆಗಳೂ ಇದೇ ಮೂಲದ ಮಾತುಗಳು. ಇದೇ ಹೆಸರಿನ ಪ್ರಸಿದ್ಧ ಅರಮನೆ ಇರುವುದು ನಗರದ ಇನ್ನೊಂದು ತುದಿಯಲ್ಲಿ, ಸಮುದ್ರದ ಬದಿಗೆ. ಅವಸರದ ಪ್ರವಾಸಿಗರು ಅರಮನೆಯನ್ನು ನೋಡಿ ಹಿಂದಿರುಗುತ್ತಾರೆ. ಬಾಗಿಲಿನವರೆಗೆ ಬರುವವರು ಕಡಿಮೆ.

ಆದರೆ ಪ್ರೌಢಶಾಲೆಯ ಇತಿಹಾಸ ಓದಿದ ಪ್ರತಿಯೊಬ್ಬರಿಗೂ ಈ ಬಾಗಿಲಿನ ಕಥೆ ಒಂದು ವಾಕ್ಯದಷ್ಟಾದರೂ ಗೊತ್ತು. '1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು. ಆದ್ದರಿಂದ ಯುರೋಪಿಯನ್ನರು ಭಾರತಕ್ಕೆ ಜಲಮಾರ್ಗ ಹುಡುಕಿದರು.' ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕವೂ ಬರುತ್ತದೆ. ಹಾಗಾದರೆ ಅಂದು ಈ ಕೋಟೆ ಬೀಳದೆ ಇದ್ದಿದ್ದರೆ? ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುತ್ತಲೇ ಇರಲಿಲ್ಲವೇ?

ಎರಡು ತಿಂಗಳಲ್ಲಿ ಎದ್ದ ಗೋಡೆ

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರಿ.ಶ. 330ರಲ್ಲಿ ಉದ್ಘಾಟಿಸಿದ ಈ ರಾಜಧಾನಿ, ಇತಿಹಾಸಕಾರರು ಬೈಜಾಂಟೈನ್ ಎಂದು ಕರೆಯುವ ಕ್ರೈಸ್ತ ಸಾಮ್ರಾಜ್ಯದ ಹೃದಯವಾಗಿತ್ತು. ಅದರ ಚಿನ್ನದ ನಾಣ್ಯಗಳು ವ್ಯಾಪಾರದ ದಾರಿ ಹಿಡಿದು ಈಗಿನ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನವರೆಗೂ ಬಂದಿದ್ದವು. ನಗರದ ಮೂರು ಕಡೆ ನೀರು, ನಾಲ್ಕನೆಯ ಕಡೆ ಸುಮಾರು 6 ಕಿಲೋಮೀಟರ್ ಉದ್ದದ ಕೋಟೆ. ಮೊದಲು ಕಂದಕ, ಆಮೇಲೆ ಹೊರಗೋಡೆ, ಅದರ ಹಿಂದೆ 12 ಮೀಟರ್ ಎತ್ತರದ ಒಳಗೋಡೆ, ಅದಕ್ಕೆ 96 ಬುರುಜುಗಳು. ಕಲ್ಲಿನ ಸಾಲುಗಳ ನಡುವೆ ಕೆಂಪು ಇಟ್ಟಿಗೆಯ ಪಟ್ಟಿಗಳು ಇಂದಿಗೂ ಎದ್ದು ಕಾಣುತ್ತವೆ.

ತೋಪ್‌ಕಪಿಯಿಂದ ದಕ್ಷಿಣಕ್ಕೆ ಗೋಡೆಯ ಗುಂಟ ನಡೆದರೆ ಮೆವ್ಲೆವಿಹಾನೆ ಬಾಗಿಲು ಸಿಗುತ್ತದೆ. ಅಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಶಾಸನಗಳಿವೆ. 447ರಲ್ಲಿ ಭೂಕಂಪವಾಗಿ 57 ಬುರುಜುಗಳು ಉರುಳಿದ್ದವು. ಹೂಣರ ದೊರೆ ಅಟಿಲಾ ಬಾಲ್ಕನ್ ಪ್ರಾಂತ್ಯಗಳನ್ನು ಸೂರೆ ಮಾಡುತ್ತಿದ್ದ ಕಾಲ ಅದು. ನಗರದ ಜನ ಹಗಲಿರುಳು ದುಡಿದು ಎರಡೇ ತಿಂಗಳಲ್ಲಿ ಗೋಡೆಯನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅದನ್ನೇ ಶಾಸನ ಹೆಮ್ಮೆಯಿಂದ ಹೇಳುತ್ತದೆ. ಈ ಎರಡು ತಿಂಗಳ ಲೆಕ್ಕವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಮೊದಲನೆಯ 'ಒಂದು ವೇಳೆ'

ಪ್ರಯೋಗಶಾಲೆಯಲ್ಲಿ ಕಾರಣವನ್ನು ಕಂಡುಹಿಡಿಯುವ ವಿಧಾನ ಸರಳ. ಒಂದೇ ಒಂದು ಅಂಶವನ್ನು ಬದಲಿಸಬೇಕು, ಉಳಿದುದನ್ನು ಹಾಗೆಯೇ ಇಡಬೇಕು. ಇತಿಹಾಸವನ್ನು ಹಾಗೆ ಎರಡನೆಯ ಸಲ ನಡೆಸಿ ನೋಡಲಾಗದು. ಅಲ್ಲಿ ಉಳಿದಿರುವುದು ಕಲ್ಪನೆಯ ಪ್ರಯೋಗ ಮಾತ್ರ.

1453ರ ಮುತ್ತಿಗೆಗೆ ಮುನ್ನ ಉರ್ಬಾನ್ ಎಂಬ ಹಂಗೇರಿಯ ಫಿರಂಗಿ ಎರಕದವನು ಮೊದಲು ಬಂದದ್ದು ಬೈಜಾಂಟೈನ್ ಚಕ್ರವರ್ತಿ ಹನ್ನೊಂದನೆಯ ಕಾನ್‌ಸ್ಟಂಟೈನನ ಬಳಿಗೆ. ಕೇಳಿದ ಸಂಬಳ ಕೊಡಲು ಚಕ್ರವರ್ತಿಯ ಕೈಯಲ್ಲಿ ಹಣವಿರಲಿಲ್ಲ. ಉರ್ಬಾನ್ ಸುಲ್ತಾನ ಎರಡನೆಯ ಮೆಹ್ಮದನ ಕಡೆ ಹೋದ. ಅವನು ಎರಕ ಹೊಯ್ದ ದೊಡ್ಡ ಫಿರಂಗಿ ಅರ್ಧ ಟನ್ನಿಗೂ ಮಿಕ್ಕಿದ ಕಲ್ಲುಗುಂಡನ್ನು ಎಸೆಯುತ್ತಿತ್ತು. ಆದರೆ ಅದು ದಿನಕ್ಕೆ ಏಳು ಸಲ ಮಾತ್ರ ಹಾರುತ್ತಿತ್ತು. ಏಪ್ರಿಲ್ 6ರಂದು ಆರಂಭವಾದ ಮುತ್ತಿಗೆ ಮೇ 29ರ ಬೆಳಗ್ಗೆ ಮುಗಿಯಿತು. ಚಕ್ರವರ್ತಿ ಕಾದಾಡುತ್ತಲೇ ಮಡಿದ.

ಉರ್ಬಾನನಿಗೆ ಸಂಬಳ ಸಿಕ್ಕಿದ್ದರೆ? ಆ ವರ್ಷ ನಗರ ಉಳಿಯುತ್ತಿತ್ತೇನೋ. ಆದರೆ ಕಾವಲಿಗಿದ್ದವರು ಸುಮಾರು 7,000 ಮಂದಿ. ನಗರದ ಜನಸಂಖ್ಯೆ ಅಂದಾಜು 50,000ಕ್ಕೆ ಇಳಿದಿತ್ತು. ಗೋಡೆಯ ಒಳಗೇ ಹೊಲಗಳೂ ಹಾಳುಮನೆಗಳೂ ಇದ್ದವು. ಸುತ್ತಲಿನ ನಾಡೆಲ್ಲ ಸುಲ್ತಾನನದು. ಈ ವರ್ಷ ತಪ್ಪಿದರೆ ಇನ್ನೊಂದು ವರ್ಷ. ಆದ್ದರಿಂದ ಬದಲಿಸಬೇಕಾದ ಅಂಶ ಇಲ್ಲಿಲ್ಲ. ಚಕ್ರವರ್ತಿಯ ಬೊಕ್ಕಸ ಬರಿದಾದದ್ದು ಯಾವಾಗ ಎಂಬುದನ್ನು ಹುಡುಕಬೇಕು.

ಸಾಲದ ಹಡಗುಗಳು

ಅದಕ್ಕಾಗಿ ಗೋಲ್ಡನ್ ಹಾರ್ನ್ ಎಂಬ ನೀರಿನ ಚಾಚಿನ ದಡದಲ್ಲಿರುವ ಫೆನೆರ್ ಬಡಾವಣೆಗೆ ಬರಬೇಕು. 1204ರ ಏಪ್ರಿಲ್‌ನಲ್ಲಿ ಸಮುದ್ರದ ಕಡೆಯ ಒಂಟಿಗೋಡೆಯನ್ನು ಏರಿ ಶತ್ರುಗಳು ನುಗ್ಗಿದ್ದು ಈ ಭಾಗದಲ್ಲೇ. ಬಂದವರು ಕ್ರೈಸ್ತರೇ, ನಾಲ್ಕನೆಯ ಕ್ರುಸೇಡಿನ ಯೋಧರು.

ಅವರು ಹೊರಟದ್ದು ಬೇರೆ ಯುದ್ಧಕ್ಕೆ. 33,500 ಮಂದಿಗೆ ಹಡಗು ಸಿದ್ಧಪಡಿಸಲು ವೆನಿಸ್ ನಗರಕ್ಕೆ 85,000 ಬೆಳ್ಳಿ ಮಾರ್ಕ್ ಕೊಡುವುದಾಗಿ 1201ರಲ್ಲಿ ಕರಾರಾಗಿತ್ತು. ವೆನಿಸ್ ಹಡಗು ಕಟ್ಟಿತು. ಬಂದವರು ಮೂರನೆಯ ಒಂದು ಪಾಲಿನಷ್ಟು ಮಾತ್ರ. ಹಣ ಸಾಲಲಿಲ್ಲ. ಅಷ್ಟರಲ್ಲಿ ಬೈಜಾಂಟೈನ್ ರಾಜಕುಮಾರ ಅಲೆಕ್ಸಿಯೋಸ್, ಪದಚ್ಯುತನಾದ ತನ್ನ ತಂದೆಯನ್ನು ಮತ್ತೆ ಸಿಂಹಾಸನದಲ್ಲಿ ಕೂರಿಸಿದರೆ 2,00,000 ಮಾರ್ಕ್ ಕೊಡುತ್ತೇನೆಂದು ಮಾತು ಕೊಟ್ಟ. ಕೂರಿಸಿದರು; ಅವನಿಗೆ ಪೂರ್ತಿ ಹಣ ಕೊಡಲಾಗಲಿಲ್ಲ. ಅವನ ಕೊಲೆಯಾಯಿತು. ಕೊನೆಗೆ ಕ್ರುಸೇಡರು ನಗರವನ್ನೇ ಕೊಳ್ಳೆ ಹೊಡೆದರು. ಫ್ರಾನ್ಸಿನ ಮೂರು ದೊಡ್ಡ ನಗರಗಳಲ್ಲಿರುವುದಕ್ಕಿಂತ ಹೆಚ್ಚು ಮನೆಗಳು ಬೆಂಕಿಗೆ ಆಹುತಿಯಾದವು ಎಂದು ಅವರಲ್ಲೇ ಒಬ್ಬನಾದ ವಿಲ್ಹಾರ್ದುವಿನ್ ಬರೆದಿಟ್ಟಿದ್ದಾನೆ. ಅಂದು ಸಾಗಿಸಿದ ನಾಲ್ಕು ಲೋಹದ ಕುದುರೆಗಳನ್ನು ಇಂದಿಗೂ ವೆನಿಸ್‌ನಲ್ಲಿ ನೋಡಬಹುದು.

1261ರಲ್ಲಿ ಬೈಜಾಂಟೈನರು ನಗರವನ್ನು ಮರಳಿ ಪಡೆದರು. ಆದರೆ ಮನೆ ಸಿಕ್ಕಿತು, ಸಂಪತ್ತು ಸಿಗಲಿಲ್ಲ. ಖರ್ಚು ಉಳಿಸಲು 1285ರಲ್ಲಿ ನೌಕಾಪಡೆಯನ್ನೇ ವಿಸರ್ಜಿಸಿದರು. ಫೆನೆರ್‌ನಿಂದ ಕೆಳಕ್ಕೆ ಬಂದು ಸೇತುವೆಯ ಮೇಲೆ ನಿಂತರೆ ಎದುರು ದಡದಲ್ಲಿ ಕಾಣುವ ಗಲಾಟಾ ಗೋಪುರ, 1348ರಲ್ಲಿ ಜಿನೋವಾದ ವರ್ತಕರು ಕಟ್ಟಿದ್ದು. ಆ ಕಾಲದಲ್ಲಿ ಅವರ ಬಡಾವಣೆಯ ಸುಂಕ ವರ್ಷಕ್ಕೆ 2,00,000 ಚಿನ್ನದ ನಾಣ್ಯ. ಚಕ್ರವರ್ತಿಯ ನಗರದ್ದು 30,000. ಕಿರೀಟದ ರತ್ನಗಳನ್ನು ವೆನಿಸ್‌ನಲ್ಲಿ ಅಡವಿಟ್ಟು ಬಿಡಿಸಿಕೊಳ್ಳಲಾಗದೆ, 1347ರ ಪಟ್ಟಾಭಿಷೇಕಕ್ಕೆ ಗಾಜಿನ ಹರಳುಗಳನ್ನು ಬಳಸಬೇಕಾಯಿತು.

1354ರಲ್ಲಿ ಮತ್ತೆ ಭೂಕಂಪ. ಈ ಸಲ ಗೋಡೆ ಬಿದ್ದದ್ದು ಡಾರ್ಡನೆಲ್ಸ್ ಜಲಸಂಧಿಯ ದಡದ ಗಲಿಪೊಲಿಯಲ್ಲಿ. ಬಾಡಿಗೆ ಸೈನಿಕರಾಗಿ ಬಂದು ಹತ್ತಿರದಲ್ಲೇ ಬೀಡುಬಿಟ್ಟಿದ್ದ ಆಟೊಮನ್ ತುರ್ಕರು ಊರಿಗೆ ಬಂದು ನೆಲೆಸಿದರು. ಹಣ ಕೊಡುತ್ತೇನೆ, ಊರು ಬಿಡಿ ಎಂದು ಚಕ್ರವರ್ತಿ ಕೇಳಿಕೊಂಡ. ಅವರು ಬಿಡಲಿಲ್ಲ. ಯುರೋಪಿನ ನೆಲದಲ್ಲಿ ಆಟೊಮನ್ನರು ಭದ್ರವಾಗಿ ಕಾಲೂರಿದ್ದು ಹೀಗೆ.

ಭೂಮಿ ಎರಡು ಸಲವೂ ನಡುಗಿತು. 447ರಲ್ಲಿ ಎರಡು ತಿಂಗಳಲ್ಲಿ ಗೋಡೆ ಎದ್ದಿತು. 1354ರಲ್ಲಿ ಎತ್ತಿ ನಿಲ್ಲಿಸುವವರೇ ಇರಲಿಲ್ಲ. 1204ರ ಕೊಳ್ಳೆಯನ್ನು ತೆಗೆದುಹಾಕಿ ನೋಡಿದರೆ, ಜಲಸಂಧಿಯನ್ನು ಕಾಯುವ ನೌಕಾಪಡೆ, ಬುರುಜು ಕಟ್ಟಿಸುವ ಬೊಕ್ಕಸ ಉಳಿದಿರಬಹುದಾದ ಒಂದು ಸಾಮ್ರಾಜ್ಯವನ್ನು ಊಹಿಸಬಹುದು. ಬಲ್ಗೇರಿಯದ ದಂಗೆಯಂಥ ಅದರ ಹಳೆಯ ಕಾಯಿಲೆಗಳು ಆಗಲೂ ಇರುತ್ತಿದ್ದವು. ಆದ್ದರಿಂದ ಚಿರಕಾಲ ಬಾಳುತ್ತಿತ್ತೆಂದು ಹೇಳುವಂತಿಲ್ಲ. ಚೇತರಿಸಿಕೊಳ್ಳುವ ಅವಕಾಶವಿರುತ್ತಿತ್ತು ಎನ್ನಬಹುದು.

ಗಾಮ ಬರುತ್ತಿದ್ದನೇ?

ಈಗ ಪಠ್ಯದ ವಾಕ್ಯವನ್ನು ಪರೀಕ್ಷೆಗೆ ಒಡ್ಡೋಣ. ಪೋರ್ಚುಗೀಸರು ಆಫ್ರಿಕದ ಸ್ಯೂಟಾ ಬಂದರನ್ನು ಹಿಡಿದದ್ದು 1415ರಲ್ಲಿ. ಆ ಖಂಡದ ಪಶ್ಚಿಮ ಕರಾವಳಿಯ ಬೊಜಡೋರ್ ಭೂಶಿರವನ್ನು ದಾಟಿದ್ದು 1434ರಲ್ಲಿ. ಎರಡೂ 1453ಕ್ಕಿಂತ ಹಿಂದಿನವು. ಇನ್ನು ಮಲಬಾರಿನ ಮೆಣಸು ಯುರೋಪಿಗೆ ಹೋಗುತ್ತಿದ್ದ ಮುಖ್ಯ ದಾರಿ ಕೆಂಪು ಸಮುದ್ರ, ಅಲೆಕ್ಸಾಂಡ್ರಿಯ, ವೆನಿಸ್. ಈಜಿಪ್ಟ್ ಆಟೊಮನ್ನರ ಕೈಸೇರಿದ್ದು 1517ರಲ್ಲಿ, ಗಾಮ 1498ರಲ್ಲಿ ಬಂದು ಹೋದ ಮೇಲೆ. ಕಾನ್‌ಸ್ಟಾಂಟಿನೋಪಲ್ ಉಳಿದಿದ್ದರೂ ಈಜಿಪ್ಟ್ ಮತ್ತು ವೆನಿಸ್‌ಗಳ ಏಕಸ್ವಾಮ್ಯವನ್ನು ತಪ್ಪಿಸುವ ಆಸೆ ಪೋರ್ಚುಗೀಸರಿಗೆ ಇದ್ದೇ ಇರುತ್ತಿತ್ತು. ಗ್ರೀಕ್ ಪಂಡಿತರು ನಗರ ಬಿದ್ದ ಮೇಲೆ ಇಟಲಿಗೆ ಓಡಿಹೋದದ್ದರಿಂದಲೇ ನವೋದಯವಾಯಿತೆಂಬ ಮಾತೂ ಹೀಗೆಯೇ. ಕ್ರಿಸೊಲೊರಾಸ್ ಎಂಬ ಪಂಡಿತ ಫ್ಲಾರೆನ್ಸ್‌ನಲ್ಲಿ ಗ್ರೀಕ್ ಕಲಿಸತೊಡಗಿದ್ದು 1397ರಲ್ಲಿ!

ಹಾಗೆಂದು 1453 ಮುಖ್ಯವಲ್ಲವೆಂದಲ್ಲ. ಸಾವಿರ ವರ್ಷದ ರಾಜ್ಯವೊಂದು ಅಂದು ಕೊನೆಗೊಂಡಿತು. ಆದರೆ 'ಆದ್ದರಿಂದ' ಎಂಬ ಪದವನ್ನು ಬರೆಯುವ ಮುಂಚೆ 'ಅದು ಆಗದೆ ಇದ್ದಿದ್ದರೆ?' ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಮಗ ಅಥವಾ ಮಗಳು ಅಂಥ ಪ್ರಶ್ನೆ ಕೇಳಿದಾಗ, ಪಾಠದಲ್ಲಿ ಇರುವಷ್ಟು ಓದು ಎಂದು ಗದರಿಸದೆ, ಅಟ್ಲಾಸ್ ತೆಗೆದು ಜೊತೆಯಲ್ಲಿ ಕೂರುವ ತಂದೆತಾಯಿಗಳು ಅರ್ಧ ಪಾಠ ಕಲಿಸಿದಂತೆಯೇ.

ಕೋಟೆಯ ಕಂದಕದಲ್ಲಿ ನೀರಿಲ್ಲ. ಬಹುಕಾಲ ಅಲ್ಲಿ ಸೊಪ್ಪು ತರಕಾರಿ ಬೆಳೆಯುತ್ತಿದ್ದರು. ನಗರದ ಆ ತುದಿಯ ಯೆದಿಕುಲೆ ಲೆಟ್ಯೂಸ್ ಸೊಪ್ಪಿಗೆ ಹೆಸರಾದ ಜಾಗ. 1985ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಗೋಡೆಯ ಪಕ್ಕದಲ್ಲೇ ಟ್ರಾಮ್ ಬಂಡಿಗಳು ಓಡಾಡುತ್ತವೆ. ಮೆವ್ಲೆವಿಹಾನೆ ಬಾಗಿಲಿನ ಶಾಸನ ಮಾತ್ರ ಅಲ್ಲೇ ಇದೆ. ಎರಡು ತಿಂಗಳಲ್ಲಿ ಕಟ್ಟಿದೆವು ಎನ್ನುತ್ತಿದೆ.