ಎಂಟಕ್ಕೆ ನಲವತ್ತಮೂರು

ನನ್ನ ತಮ್ಮನ ಬಳಿ ಅಪ್ಪನ ಕಾಲದ ವಿಲ್ಲೀಸ್ ಜೀಪೊಂದಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ಜೋಡಿಸತೊಡಗಿದರಲ್ಲ, ಆ ವಂಶದ್ದು. ಪಾಪ, ಅದಕ್ಕೆ ಎರಡು ಸಂಸಾರ. ಬಸವನ ಬಾಗೇವಾಡಿ ದಾಟಿ ವಿಜಯಪುರದ ರಸ್ತೆ ಹಿಡಿದರೆ ಕುದುರೆಯಂತೆ ಓಡಬೇಕು. ತಾಳಿಕೋಟಿ ಕಡೆ ಡೋಣಿ ಸಾಲಿನ ನಮ್ಮ ಹೊಲಕ್ಕಿಳಿದರೆ ಎರೆಮಣ್ಣಿನಲ್ಲಿ ಎತ್ತಿನಂತೆ ಜಗ್ಗಬೇಕು.

ಹೋದ ಮಳೆಗಾಲದಲ್ಲಿ ಹೊಲದ ಮನೆಯಲ್ಲಿದ್ದ ಅವ್ವನಿಗೆ ಎದೆನೋವು ಬಂತು. ಇದೇ ಜೀಪಿನಲ್ಲಿ ವಿಜಯಪುರಕ್ಕೆ ಸಾಗಿಸಿದೆವು. ದೇವರು ದೊಡ್ಡವನು, ಉಳಿದಳು. ಆದರೆ ಅರವತ್ತರ ವೇಗಕ್ಕೇ ಎಂಜಿನ್ ಅರಚಿಕೊಂಡದ್ದು ತಮ್ಮನ ಕಿವಿಯಿಂದ ಹೋಗಲಿಲ್ಲ. ಹಿಂದಿನ ಆಕ್ಸಲ್ಲಿನ ಕ್ರೌನ್-ಪಿನಿಯನ್ ಬದಲಿಸಿಯೇ ಬಿಡುತ್ತೇನೆಂದು ಹಟ ಹಿಡಿದ.

ಈ ಕ್ರೌನ್-ಪಿನಿಯನ್ ಎಂದರೆ ಒಂದು ದೊಡ್ಡ ಹಲ್ಲುಗಾಲಿ, ಒಂದು ಸಣ್ಣದು. ನಮ್ಮ ಜೀಪಿನಲ್ಲಿ ದೊಡ್ಡದಕ್ಕೆ 43 ಹಲ್ಲು, ಸಣ್ಣದಕ್ಕೆ 8. ಸಣ್ಣದು ಐದು ಸುತ್ತಿನ ಮೇಲೆ ಇನ್ನೊಂದಿಷ್ಟು ತಿರುಗಿದರೆ ಗಾಲಿ ಒಂದು ಸುತ್ತು. ಎರಡನೆಯ ಮಹಾಯುದ್ಧದ ಜೀಪುಗಳಲ್ಲಿ ಇದು 39ಕ್ಕೆ 8 ಇತ್ತು. 1945ರಿಂದ ರೈತರಿಗೂ ಜೀಪು ಮಾರತೊಡಗಿದಾಗ ಜಗ್ಗುವ ಬಲ ಹೆಚ್ಚಲೆಂದು 43 ಮಾಡಿದರು. ತಮ್ಮನಿಗೆ ಬೇಕಾದದ್ದು ಆ ಯುದ್ಧದ 39.

ಗಣಿತ ಕಲಿಸುವವಳಿಗೆ ಈ ಸಂಖ್ಯೆಗಳು ಸಿಕ್ಕರೆ ಸುಮ್ಮನಿರಲಾದೀತೆ? 8ಕ್ಕೂ 43ಕ್ಕೂ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ. ಹಾಗಾಗಿ ಒಂದು ಹಲ್ಲು ತಾನು ಒಮ್ಮೆ ಕಚ್ಚಿದ ಹಲ್ಲನ್ನೇ ಮತ್ತೆ ಕಚ್ಚಬೇಕಾದರೆ ಸಣ್ಣ ಗಾಲಿ 43 ಸುತ್ತು ತಿರುಗಬೇಕು. ಅಷ್ಟರಲ್ಲಿ ಎಲ್ಲ ಹಲ್ಲುಗಳನ್ನೂ ಒಮ್ಮೊಮ್ಮೆ ಭೇಟಿಯಾಗಿರುತ್ತದೆ. ಸವೆತ ಎಲ್ಲರ ಪಾಲಿಗೂ ಸಮ. ಲ.ಸಾ.ಅ. ಯಾಕೆ ಕಲಿಯಬೇಕೆಂದು ಕೇಳುವ ಹುಡುಗರಿಗೆ ಈಗ ಇದನ್ನೇ ಹೇಳುತ್ತೇನೆ.

ಇನ್ನು ವೇಗದ ಲೆಕ್ಕ. ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2,500 ಸುತ್ತು, ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಎಂದಿಟ್ಟುಕೊಂಡರೆ 43ರಲ್ಲಿ ಗಂಟೆಗೆ 61 ಕಿಲೋಮೀಟರ್, 39ರಲ್ಲಿ 68. ಅರವತ್ತು ಕಿಲೋಮೀಟರಿಗೆ ಉಳಿತಾಯ ಆರು ನಿಮಿಷ. ಎದೆ ಹಿಡಿದುಕೊಂಡು ಕೂತವರಿಗೆ ಆರು ನಿಮಿಷ ಸಣ್ಣದಲ್ಲ, ಒಪ್ಪಿದೆ. ಜಗ್ಗುವ ಬಲ ಮಾತ್ರ ನೂರಕ್ಕೆ ಒಂಬತ್ತು ಪಾಲು ಇಳಿಯುತ್ತದೆ.

ಹಾಗಾದರೆ ಕೆಸರಿನಲ್ಲಿ ಗತಿಯೇನು ಎಂದು ಬಾಗೇವಾಡಿಯ ಮೇಸ್ತ್ರಿಯನ್ನು ಕೇಳಿದೆ.

"ಕೆಸರಿಗೆ ಅಂಜಬ್ಯಾಡ್ರಿ ಅಕ್ಕೋರ. ಸಣ್ಣ ಲಿವರ್ ಲೋ ಹಾಕಿದ್ರ ಎರಡೂವರಿ ಪಟ್ಟು ಜಗ್ಗತೈತಿ. ಮಂದಿ ತುಂಬಿಕೊಂಡು ಏರು ಹತ್ತೂ ಮುಂದ, ಎದುರುಗಾಳಿ ಇದ್ದಾಗ, ಟಾಪ್ ಎಳಿಯೂದಿಲ್ಲ ನೋಡ್ರಿ. ಮತ್ತ ಹಿಂದಿಂದು ಒಂದ ಬದಲಿ ಮಾಡಿದ್ರ ನಡಿಯೂದಿಲ್ಲ."

ಅದು ಸರಿ. ನಾಲ್ಕೂ ಗಾಲಿಗೆ ಬಲ ಕೊಟ್ಟಾಗ ಮುಂದಿನವು ಒಂದು ಲೆಕ್ಕಕ್ಕೆ, ಹಿಂದಿನವು ಇನ್ನೊಂದು ಲೆಕ್ಕಕ್ಕೆ ತಿರುಗಿದರೆ ಒಂದಕ್ಕೊಂದು ಜಗ್ಗಾಡಿ ಏನಾದರೂ ಮುರಿಯುತ್ತದೆ. ಎರಡೂ ಆಕ್ಸಲ್ ಬಿಚ್ಚಬೇಕು. ಹಲ್ಲುಗಾಲಿಗಳು ಜೋಡಿಯಾಗಿಯೇ ಬರುತ್ತವೆ. ಹಲ್ಲಿಗೆ ಬಣ್ಣ ಹಚ್ಚಿ, ತಿರುಗಿಸಿ, ಕಚ್ಚಿದ ಗುರುತು ನೋಡಿ ಕೂರಿಸಬೇಕು. ಅವಸರದವರ ಕೆಲಸವಲ್ಲ. ಮೀಟರಿನ ಹಲ್ಲೂ ಬದಲಾಗಬೇಕು, ಇಲ್ಲವಾದರೆ 68ರಲ್ಲಿ ಓಡಿದರೂ 61 ಎಂದೇ ತೋರಿಸುತ್ತದೆ. ಖರ್ಚು ಕೇಳಿ ನಾನು ಕುರ್ಚಿ ಎಳೆದುಕೊಂಡು ಕೂತೆ.

ನನ್ನನ್ನು ಕಾಡಿದ್ದು ಬೇರೆ. ಅವತ್ತು ಡಾಂಬರು ರಸ್ತೆಯಲ್ಲಿ ಕಳೆದ ಹೊತ್ತು ಹೆಚ್ಚೇನಲ್ಲ. ಹೊಲದಿಂದ ರಸ್ತೆಗೆ ಬರುವ ಮೂರು ಕಿಲೋಮೀಟರಿಗೇ ಮುಕ್ಕಾಲು ತಾಸು ಹಿಡಿದಿತ್ತು. ಅದರಲ್ಲಿ ಅರ್ಧ ತಾಸು ಹಳ್ಳದ ತಗ್ಗಿನಲ್ಲೇ. ಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಗುಂಡುಕಲ್ಲಾದ ಮೇಲೆ 43 ಆದರೇನು, 39 ಆದರೇನು? ಮಳೆಗಾಲ ಮುಗಿಯುವ ತನಕ ನಮ್ಮ ಮನೆಯಲ್ಲಿರು ಎಂದರೆ ಅವ್ವ ಎಮ್ಮೆ ಬಿಟ್ಟು ಬರುವುದಿಲ್ಲ. ನಾವು ಹಾಳೆಯ ಮೇಲೆ ಲೆಕ್ಕ ಬರೆಯುತ್ತ ಕೂತದ್ದನ್ನು ನೋಡಿ, "ಗಾಡಿ ಹಲ್ಲ ಎಣಿಸೂದ ಬಿಟ್ಟು ಆ ತಗ್ಗಿಗೆ ನಾಕ ಟ್ರೇಲರ್ ಗರಸ ಹಾಕಸ್ರಿ," ಅಂದಳು.

ನಾಲ್ಕಕ್ಕೆ ಸಾಲಲಿಲ್ಲ, ಒಂಬತ್ತು ಟ್ರೇಲರ್ ಗರಸು ಬಿತ್ತು. ಜೀಪಿಗೆ ಇನ್ನೂ 43 ಹಲ್ಲೇ. ತಮ್ಮ ಮಾತ್ರ ಇಂಡಿಗೆ ಹೋಗಲಿ, ಮುದ್ದೇಬಿಹಾಳಕ್ಕೆ ಹೋಗಲಿ, ಗುಜರಿ ಅಂಗಡಿಯಲ್ಲಿ 39ರ ಎರಡು ಜೋಡಿ ಸಿಕ್ಕಾವೇ ಎಂದು ವಿಚಾರಿಸದೆ ಬರುವುದಿಲ್ಲ.