ಕಾಣೆಯಾದ ಒಂದು ವೋಲ್ಟು

ನನ್ನದು 1996ರ ಮಾರುತಿ 800. ಸುರತ್ಕಲ್ಲಿನ ಉಪ್ಪುಗಾಳಿ ಕುಡಿದೇ ಮುದಿಯಾದ ಗಾಡಿ. ಕಳೆದ ಆಟಿ ತಿಂಗಳ ಒಂದು ರಾತ್ರಿ ಅದರ ಹೆಡ್‌ಲೈಟು ಅರಿಶಿನ ಬಳಿದುಕೊಂಡಿತು, ವೈಪರ್ ಅರ್ಧದಲ್ಲೇ ಸುಸ್ತಾಗಿ ನಿಂತಿತು, ಹಾರ್ನ್ ಒತ್ತಿದರೆ ಗೋಂಕುರು ಕಪ್ಪೆಯ ದನಿ. ‘ಬ್ಯಾಟರಿ ಹೋಯ್ತು ಸಾರ್’ ಎಂದ ಅಂಗಡಿಯವನು. ವರ್ಷದೊಳಗೆ ಇದು ಎರಡನೆಯ ಸಲ. ಮನೆಗೆ ಅಕ್ಕಿ ಬಾರದಿದ್ದಾಗ ಡಬ್ಬ ಬದಲಾಯಿಸುವ ವೈದ್ಯ ಇದು.

ಎಣ್ಣೆ ಸೋರಿದರೆ ನೆಲದಲ್ಲಿ ಕಲೆ, ರೇಡಿಯೇಟರ್ ಸೋರಿದರೆ ಹಬೆ. ಕರೆಂಟು ದಾರಿ ತಪ್ಪಿದರೆ ಕುರುಹೇ ಇಲ್ಲ. ಅದಕ್ಕೇ ನನಗೆ ಈ ಬೇಟೆ ಇಷ್ಟ. ಆಯುಧವೆಂದರೆ ಎರಡು ತಂತಿಯ ಒಂದು ಮಲ್ಟಿಮೀಟರ್, ಅಷ್ಟೆ.

ಭಾನುವಾರ ಬೆಳಿಗ್ಗೆ ಕೂತೆ. ರಾತ್ರಿಯಿಡೀ ವಿಶ್ರಾಂತಿ ಪಡೆದ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ನನ್ನದು 12.2, ಅರ್ಧಹೊಟ್ಟೆ. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ ಹತ್ತಿತು, ಎಂಜಿನ್ ಓಡಿದಾಗ ಆರಿತು. (ಈ ದೀಪವನ್ನು ತಾತ್ಸಾರ ಮಾಡಬೇಡಿ. ಹಲವು ಹಳೆ ಗಾಡಿಗಳಲ್ಲಿ ಆಲ್ಟರ್ನೇಟರಿಗೆ ಮೊದಲ ಗುಟುಕು ಕರೆಂಟು ಹೋಗುವುದೇ ಅದರ ಮೂಲಕ. ಬಲ್ಬು ಸುಟ್ಟರೆ ಚಾರ್ಜಿಂಗೂ ನಿಲ್ಲಬಹುದು.) ಆಲ್ಟರ್ನೇಟರಿನ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ್ದಾಗಿತ್ತು, ಬಿಗಿಯಾಗಿತ್ತು.

ಇನ್ನು ನಿಜವಾದ ಮೋಜು. ಹೆಡ್‌ಲೈಟು, ವೈಪರ್ ಎಲ್ಲ ಹಾಕಿ, ಸ್ವಲ್ಪ ರೇಸ್ ಮಾಡಿಸಿ ಬ್ಯಾಟರಿಯಲ್ಲಿ ಅಳೆದರೆ 13.1. ಆಲ್ಟರ್ನೇಟರಿನ ದಪ್ಪ ತಂತಿಗೂ ಅದರದೇ ಮೈಗೂ ಹಿಡಿದರೆ 14.3! ನಮ್ಮ ಮೆಕ್ಯಾನಿಕ್‌ಗಳು ಇಂದಿಗೂ ‘ಡೈನಮೋ’ ಎನ್ನುವ ಆ ಬಡಪಾಯಿ ಪ್ರಾಮಾಣಿಕವಾಗಿ ದುಡಿಯುತ್ತಿತ್ತು. ಕಳ್ಳ ಇದ್ದದ್ದು ದಾರಿಯಲ್ಲಿ. ಪಾಸಿಟಿವ್ ತಂತಿಯ ಎರಡು ತುದಿಗಳ ನಡುವೆ ಕಳೆದದ್ದು ಬರೀ 0.1. ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಹಿಡಿದೆ: 1.1. ಲೆಕ್ಕ ಕೂಡಿತು.

ಕರೆಂಟನ್ನು ಕಳಿಸುವ ತಂತಿಯನ್ನಷ್ಟೇ ನಾವು ನೋಡುತ್ತೇವೆ, ಅದು ಮರಳಿ ಬರುವ ದಾರಿಯನ್ನು ಮರೆಯುತ್ತೇವೆ. ಎಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಅರ್ತ್ ಪಟ್ಟಿ ಇರುತ್ತದಲ್ಲ, ಅದರ ಬೋಲ್ಟಿನ ಕೆಳಗೆ ಹಸಿರು ಹಿಟ್ಟು ತುಂಬಿತ್ತು. ಇತ್ತೀಚೆಗೆ ಸೆಲ್ಫ್ ಹೊಡೆದಾಗ ಗಾಡಿ ನರಳುತ್ತಿದ್ದುದೂ ಇದಕ್ಕೇ. ಉಪ್ಪುಗಾಳಿ ಕೆಡಿಸಿದ್ದನ್ನು ಉಪ್ಪುಕಾಗದದಲ್ಲೇ ಉಜ್ಜಿ, ಹೊಸ ಪಟ್ಟಿ ಹಾಕಿ, ಮೇಲೆ ವ್ಯಾಸಲೀನ್ ಸವರಿದೆ.

ಈಗ ಬ್ಯಾಟರಿಯಲ್ಲೇ 14.2. ಸಂಭ್ರಮ ತಡೆಯಲಾರದೆ ಹೆಂಡತಿಯನ್ನು ಕೂಗಿ ಮೀಟರು ತೋರಿಸಿದೆ. ಕೈಯಲ್ಲಿ ಸೌಟು ಹಿಡಿದೇ ಬಂದಳು, ಅಂಕಿ ಓದಿದಳು.

‘ಇದು ಜಾಸ್ತಿಯೋ, ಕಮ್ಮಿಯೋ?’

‘ಸರಿಯಾಗಿದೆ.’

‘ಹಾಗಾದ್ರೆ ಕೈ ತೊಳೀರಿ. ಸೋಪಲ್ಲ, ಸೀಮೆಎಣ್ಣೆಯಲ್ಲಿ.’